ದಿನ ಗೊತ್ತುಮಾಡಿದ ಸಿಸೇರಿಯನ್ ಆದ ಮೇಲೆ ಆಸ್ಪತ್ರೆಯ ಮೊದಲ ಎರಡು ಮೂರು ದಿನಗಳು ಹೇಗಿರುತ್ತವೆ?

ಪ್ರಶ್ನೆ: ಮಂಡ್ಯದ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ಇದು ನನ್ನ ಮೊದಲ ಹೆರಿಗೆ. ಮಗು ಇನ್ನೂ ತಲೆ ಮೇಲಾಗಿಯೇ ಕುಳಿತಿರುವುದರಿಂದ 39 ವಾರ ತುಂಬಿದ ಮೇಲೆ ಸಿಸೇರಿಯನ್ ಮಾಡುವುದೆಂದು ವೈದ್ಯರು ದಿನ ಗೊತ್ತುಮಾಡಿದ್ದಾರೆ. ಮೈಸೂರಿನ ಆಸ್ಪತ್ರೆಯೊಂದರಲ್ಲಿ ಹೆರಿಗೆ, ಆಮೇಲೆ ಮಂಡ್ಯದ ಹತ್ತಿರದ ತವರಿನಲ್ಲಿ ಬಾಣಂತನ. ಆಪರೇಷನ್ ಹೇಗೆ ನಡೆಯುತ್ತದೆ ಎಂಬುದನ್ನು ವೈದ್ಯರು ಸಮಾಧಾನವಾಗಿ ವಿವರಿಸಿದ್ದಾರೆ, ಅದರ ಬಗ್ಗೆ ನನಗೆ ಹೆಚ್ಚಿನ ಅಳುಕಿಲ್ಲ. ಥಿಯೇಟರಿನಿಂದ ಹೊರಗೆ ಕರೆತಂದ ಮೇಲಿನ ಎರಡು ಮೂರು ದಿನಗಳ ಚಿತ್ರ ಮಾತ್ರ ಕಣ್ಣಿಗೆ ಕಟ್ಟುತ್ತಿಲ್ಲ.

ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಒಂದು ದಿನ ಪೂರ್ತಿ ನೀರನ್ನೂ ಮುಟ್ಟಬಾರದು, ಹೊಟ್ಟೆ ಕೊಯ್ದ ಮೈ ಆದ್ದರಿಂದ ಮೂರು ದಿನ ಹಾಸಿಗೆ ಬಿಟ್ಟು ಏಳಬಾರದು ಎನ್ನುತ್ತಾರೆ ಅಜ್ಜಿ. ಆಸ್ಪತ್ರೆಯವರು ಮರುದಿನ ಬೆಳಿಗ್ಗೆಯೇ ನಡೆಸುತ್ತೇವೆ ಎನ್ನುತ್ತಾರೆ. ನೋವಿನ ಮಾತ್ರೆ ಹಾಲಿನ ಮೂಲಕ ಮಗುವಿಗೆ ಇಳಿಯುತ್ತದೆ, ಆದಷ್ಟು ತಡೆದುಕೋ ಎಂದು ಅಕ್ಕ ಹೇಳುತ್ತಾಳೆ. ಸಿಸೇರಿಯನ್ ಆದವರಿಗೆ ಹಾಲು ಬರುವುದಿಲ್ಲ ಎಂಬ ಮಾತನ್ನಂತೂ ನೆರೆಹೊರೆಯವರೆಲ್ಲರೂ ಆಡಿ ಮುಗಿಸಿದ್ದಾರೆ. ಇದರ ಜೊತೆಗೆ, ರಾತ್ರಿ ಒಬ್ಬರನ್ನು ಮಾತ್ರ ಉಳಿಯಲು ಬಿಡುವುದರಿಂದ ಅಮ್ಮ ಇರಬೇಕೋ ಅತ್ತೆ ಇರಬೇಕೋ ಎಂಬ ಚರ್ಚೆಯೂ ನಡೆದಿದೆ. ಅದನ್ನು ನಾವೇ ಬಗೆಹರಿಸಿಕೊಳ್ಳುತ್ತೇವೆ. ಆದರೆ ಉಳಿಯುವವರು ಮಾಡಬೇಕಾದ ಕೆಲಸವೇನು ಎಂಬುದು ಗೊತ್ತಾದರೆ ತೀರ್ಮಾನ ಸುಲಭವಾದೀತು. ಅನುಭವ ಇದ್ದವರು ದಯವಿಟ್ಟು ತಿಳಿಸಿ.

ಉತ್ತರ 1: ಕುವೆಂಪುನಗರದಿಂದ, ಇಬ್ಬರು ಮಕ್ಕಳ ತಾಯಿ

ತಂಗಿ, ನನ್ನ ಎರಡೂ ಹೆರಿಗೆ ಸಿಸೇರಿಯನ್ನೇ, ಎರಡನೆಯದು ನಿಮ್ಮಂತೆ ದಿನ ಗೊತ್ತುಮಾಡಿ ಆದದ್ದು. ನೋವು ತಿಂದು ಸುಸ್ತಾದ ಮೇಲೆ ಅವಸರದಲ್ಲಿ ಆಗುವುದಕ್ಕೂ ರಾತ್ರಿ ನಿದ್ದೆ ಮಾಡಿ ಎದ್ದು ಹೋಗುವುದಕ್ಕೂ ಬಹಳ ವ್ಯತ್ಯಾಸವಿದೆ. ಚೇತರಿಕೆಯಲ್ಲಿ ಆ ವ್ಯತ್ಯಾಸ ನನಗೆ ಚೆನ್ನಾಗಿಯೇ ಕಾಣಿಸಿತು.

ಬೆನ್ನಿಗೆ ಕೊಡುವ ಇಂಜೆಕ್ಷನ್ನಿನಿಂದ ಸೊಂಟದ ಕೆಳಗಿನ ಭಾಗ ಎರಡರಿಂದ ನಾಲ್ಕು ಗಂಟೆಯವರೆಗೆ ಜೋಮು ಹಿಡಿದಂತೆ ಇರುತ್ತದೆ. ಹೊರಗೆ ತಂದಾಗ ಕೆಲವರಿಗೆ ಹಲ್ಲು ಕಟಕಟಿಸುವಷ್ಟು ನಡುಕ ಬರುತ್ತದೆ. ಅದು ಜ್ವರವೂ ಅಲ್ಲ, ಶೀತವೂ ಅಲ್ಲ; ಕಂಬಳಿ ಹೊದಿಸಿದರೆ ಸ್ವಲ್ಪ ಹೊತ್ತಿಗೆ ತಾನಾಗಿ ನಿಲ್ಲುತ್ತದೆ. ನೋವು ತಡೆಯಲು ಬೆನ್ನಿನ ಇಂಜೆಕ್ಷನ್ನಿನಲ್ಲೇ ಮಾರ್ಫಿನ್ ಜಾತಿಯ ಔಷಧ ಸೇರಿಸಿದ್ದರೆ ಮೂಗು, ಮುಖ ತುರಿಸುವುದೂ ಉಂಟು. ಮೊದಲ ಒಂದೆರಡು ಗಂಟೆ ನರ್ಸ್‌ಗಳು ಮತ್ತೆ ಮತ್ತೆ ಬಂದು ಬಿ.ಪಿ. ನೋಡುತ್ತಾರೆ, ಹೊಟ್ಟೆ ಒತ್ತಿ ಗರ್ಭಕೋಶ ಗಟ್ಟಿಯಾಗಿದೆಯೇ ಎಂದು ಪರೀಕ್ಷಿಸುತ್ತಾರೆ, ಪ್ಯಾಡ್ ಗಮನಿಸುತ್ತಾರೆ. ಜೋಮು ಇಳಿದ ಮೇಲೆ ಹಾಗೆ ಒತ್ತಿದಾಗ ನೋವಾಗುತ್ತದೆ, ಆದರೆ ಆ ಪರೀಕ್ಷೆಯನ್ನು ಬೇಡವೆನ್ನಬೇಡಿ.

ಮೊದಲ ಸಲ ಏಳುವುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಎಲ್ಲರೂ ಹೆದರುವುದು ಅದಕ್ಕೇ. ಮಲಗಿದಲ್ಲಿಂದ ನೇರವಾಗಿ ಎದ್ದು ಕೂರಲು ಹೋಗಬೇಡಿ, ಹೊಲಿಗೆ ಎಳೆದು ಜೀವ ಹೋದಂತಾಗುತ್ತದೆ. ಮೊಣಕಾಲು ಮಡಚಿ, ಇಡೀ ಮೈಯನ್ನು ಒಟ್ಟಿಗೆ ಒಂದು ಮಗ್ಗುಲಿಗೆ ಹೊರಳಿಸಿ, ಕಾಲುಗಳನ್ನು ಮಂಚದಿಂದ ಕೆಳಗೆ ಇಳಿಬಿಡುತ್ತಾ ಮೊಣಕೈ ಊರಿ ಮೇಲೇಳಬೇಕು. ಕೂತ ಕೂಡಲೇ ನಿಲ್ಲದೆ, ತಲೆಸುತ್ತು ಇಲ್ಲವೆಂದು ಖಚಿತಪಡಿಸಿಕೊಂಡು, ನರ್ಸ್ ಕೈ ಹಿಡಿದುಕೊಂಡೇ ನಿಲ್ಲಬೇಕು. ಆಸ್ಪತ್ರೆಯ ಮಂಚ ಎತ್ತರವಾಗಿರುತ್ತದೆ, ಮೆಟ್ಟಿಲು ಸ್ಟೂಲ್ ಇದೆಯೇ ಎಂದು ಮೊದಲೇ ನೋಡಿಟ್ಟುಕೊಳ್ಳಿ. ನಿಂತ ಕ್ಷಣದಲ್ಲಿ, ಮಲಗಿದ್ದಾಗ ಒಳಗೆ ನಿಂತಿದ್ದ ರಕ್ತ ಒಮ್ಮೆಗೇ ಕಾಲಿನ ಮೇಲೆ ಹರಿದು ಬಂದಂತಾಗುತ್ತದೆ. ನನಗೆ ಯಾರೂ ಇದನ್ನು ಹೇಳಿರಲಿಲ್ಲ, ಗಾಬರಿಯಾಗಿತ್ತು. ಹಾಗೆ ಬಂದು ನಿಂತುಹೋದರೆ ಅದು ಸಹಜ. ಹೊಲಿಗೆ ಬಿಟ್ಟುಹೋದೀತು ಎಂಬ ಭಯಕ್ಕೆ ಎಲ್ಲರೂ ಬಗ್ಗಿಕೊಂಡೇ ನಡೆಯುತ್ತಾರೆ. ನಿಧಾನವಾಗಿ ಬೆನ್ನು ನೆಟ್ಟಗೆ ಮಾಡಿ ನಡೆದರೆ ಹೊಲಿಗೆ ಬಿಡುವುದಿಲ್ಲ, ಬೆನ್ನುನೋವೂ ಕಡಿಮೆಯಾಗುತ್ತದೆ.

ನನಗೆ ಹೊಲಿಗೆಗಿಂತ ಹೆಚ್ಚು ಕಾಟ ಕೊಟ್ಟದ್ದು ಗ್ಯಾಸ್. ಎರಡನೆಯ ದಿನ ಹೊಟ್ಟೆ ತಮಟೆಯಂತೆ ಬಿಗಿದುಕೊಂಡು, ಬಲಭುಜದ ತುದಿಯಲ್ಲಿ ಚುಚ್ಚಿದಂತಾಗುತ್ತಿತ್ತು. ಹೊಟ್ಟೆಯೊಳಗೆ ಉಳಿದ ಗಾಳಿ ವಪೆಯನ್ನು, ಅಂದರೆ ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆಯನ್ನು, ಕೆರಳಿಸಿದಾಗ ನೋವು ಭುಜದಲ್ಲಿ ಕಾಣಿಸಿಕೊಳ್ಳುತ್ತದೆಂದು ವೈದ್ಯರು ವಿವರಿಸಿದರು. ವಾರ್ಡಿನ ಉದ್ದಕ್ಕೂ ನಿಧಾನವಾಗಿ ಓಡಾಡಿ, ಬಿಸಿನೀರು ಗುಟುಕರಿಸುತ್ತಿದ್ದ ಮೇಲೆ ಅದು ಇಳಿಯಿತು.

ಚೀಲದಲ್ಲಿ ಮುಂಭಾಗ ತೆರೆಯುವ ನೈಟಿ, ಹೊಲಿಗೆಯ ಮೇಲೆ ಒತ್ತದೆ ಹೊಕ್ಕುಳಿನ ಮೇಲಕ್ಕೆ ಬರುವ ದೊಡ್ಡ ಅಳತೆಯ ಹತ್ತಿಯ ಒಳಉಡುಪು, ಜಾರದ ಚಪ್ಪಲಿ, ಒಂದು ಸಣ್ಣ ದಿಂಬು ಇರಲಿ. ಕೆಮ್ಮು, ಸೀನು, ನಗು ಬಂದಾಗ ಆ ದಿಂಬನ್ನು ಹೊಟ್ಟೆಗೆ ಅವುಚಿಕೊಳ್ಳಬೇಕು. ನಗಿಸುವ ನೆಂಟರನ್ನು ಮೊದಲ ಎರಡು ದಿನ ದೂರವಿಡುವುದು ಇನ್ನೂ ಒಳ್ಳೆಯದು.

ಉತ್ತರ 2: ನಿವೃತ್ತ ಶುಶ್ರೂಷಕಿ, ಮಂಡ್ಯ

ಬಾಣಂತಿಯರ ವಾರ್ಡಿನಲ್ಲಿ ಬಹುಕಾಲ ಕೆಲಸ ಮಾಡಿದವಳಾದ್ದರಿಂದ ನಿಮ್ಮ ಮನೆಯ ಮಾತುಗಳೆಲ್ಲ ನನಗೆ ಪರಿಚಿತವೇ. ಅಜ್ಜಿಯವರು ಹೇಳುತ್ತಿರುವುದು ಅವರ ಕಾಲದ ಆಸ್ಪತ್ರೆಗಳು ಹೇಳಿದ್ದ ಮಾತೇ ಹೊರತು ಮೂಢನಂಬಿಕೆಯೇನಲ್ಲ. ಆಗ ಪೂರ್ತಿ ಪ್ರಜ್ಞೆ ತಪ್ಪಿಸಿ ಆಪರೇಷನ್ ಮಾಡುವುದು ಹೆಚ್ಚಾಗಿತ್ತು, ಕರುಳು ಚಲಿಸತೊಡಗಿದ ಸದ್ದು ಕೇಳಿದ ಮೇಲೆಯೇ ಬಾಯಿಗೆ ನೀರು ಎಂಬ ನಿಯಮವಿತ್ತು. ಈಗ ಹೆಚ್ಚಿನವರಿಗೆ ಸೊಂಟದ ಕೆಳಗೆ ಮಾತ್ರ ಅರಿವಳಿಕೆ. ಈ ಆಪರೇಷನ್ನಿನಲ್ಲಿ ಕರುಳಿಗೆ ಕತ್ತರಿ ಹಾಕುವುದೂ ಇಲ್ಲ. ಆದ್ದರಿಂದ ವಾಂತಿ ಇಲ್ಲದಿದ್ದರೆ, ಬೇರೆ ತೊಡಕು ಬಂದಿರದಿದ್ದರೆ, ಕೆಲವೇ ಗಂಟೆಗಳಲ್ಲಿ ಗುಟುಕು ನೀರು, ಆಮೇಲೆ ಗಂಜಿ, ಅದು ದಕ್ಕಿದರೆ ಅದೇ ದಿನ ಇಡ್ಲಿ ಅಥವಾ ಮೆತ್ತಗೆ ಬೆಂದ ಅನ್ನ, ಸಾರು ಕೊಡುವ ಪದ್ಧತಿ ಬಂದಿದೆ. ಬೇಗ ಉಂಡವರ ಕರುಳು ಬೇಗ ಚಲಿಸತೊಡಗುತ್ತದೆ, ತಡವಾಗುವುದಿಲ್ಲ. ಎಷ್ಟು ಹೊತ್ತಿಗೆ ಎಂಬುದನ್ನು ಮಾತ್ರ ನಿಮ್ಮ ಆಸ್ಪತ್ರೆಯವರೇ ಹೇಳಬೇಕು, ಏಕೆಂದರೆ ನಿಮ್ಮ ಆಪರೇಷನ್ ಹೇಗೆ ನಡೆಯಿತೆಂದು ಬಲ್ಲವರು ಅವರು.

ಮೂರು ದಿನ ಮಲಗಿರುವ ವಿಚಾರವನ್ನು ನಾನು ಒಪ್ಪಲಾರೆ. ಗರ್ಭಿಣಿಯರ ಮತ್ತು ಬಾಣಂತಿಯರ ರಕ್ತ ಇತರರದಕ್ಕಿಂತ ಬೇಗ ಹೆಪ್ಪುಗಟ್ಟುತ್ತದೆ. ಹೆರಿಗೆಯಲ್ಲಿ ರಕ್ತಸ್ರಾವ ನಿಲ್ಲಲೆಂದು ದೇಹ ಮಾಡಿಕೊಂಡಿರುವ ಏರ್ಪಾಡು ಅದು. ಅದರ ಮೇಲೆ ಆಪರೇಷನ್ ಆಗಿ, ಅಲುಗಾಡದೆ ಮಲಗಿಬಿಟ್ಟರೆ ಕಾಲಿನ ಒಳನಾಳಗಳಲ್ಲಿ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಳ್ಳುವ ಅಪಾಯವಿದೆ. ಆದ್ದರಿಂದ ಕಾಲಿಗೆ ಚಲನೆ ಬಂದ ಕೂಡಲೇ ಮಲಗಿದಲ್ಲಿಯೇ ಪಾದಗಳನ್ನು ಮೇಲೆ ಕೆಳಗೆ ಆಡಿಸುತ್ತಿರಿ. ತೂಕ ಹೆಚ್ಚಿರುವವರಿಗೆ, ಹಿಂದೆ ಹೆಪ್ಪಿನ ತೊಂದರೆ ಆದವರಿಗೆ ರಕ್ತ ತಿಳಿಯಾಗಿಸುವ ಇಂಜೆಕ್ಷನ್ನನ್ನೂ ಕೊಡುತ್ತಾರೆ. ಮೊದಲ ದಿನಗಳಲ್ಲಿ ಎರಡೂ ಪಾದ ಊದಿಕೊಳ್ಳುವುದು ಸಾಮಾನ್ಯ. ಒಂದೇ ಕಾಲಿನ ಮೀನಖಂಡ ಊದಿ, ಮುಟ್ಟಿದರೆ ನೋವಾಗಿ ಬೆಚ್ಚಗಿದ್ದರೆ ಆ ಕ್ಷಣವೇ ತಿಳಿಸಬೇಕು.

ಇನ್ನು ನೋವಿನ ಮಾತ್ರೆ. ನನ್ನನ್ನು ಕೇಳಿದರೆ ಉಳಿದದ್ದೆಲ್ಲ ನಿಂತಿರುವುದು ಇದರ ಮೇಲೆ. ನೋವು ತಡೆದುಕೊಂಡ ಬಾಣಂತಿ ಏಳುವುದಿಲ್ಲ. ಎದ್ದು ಓಡಾಡದಿದ್ದರೆ ಗ್ಯಾಸ್ ಹೋಗುವುದಿಲ್ಲ. ದೀರ್ಘವಾಗಿ ಉಸಿರೆಳೆದುಕೊಳ್ಳಲು, ಕೆಮ್ಮಲು ಹೆದರಿದರೆ ಕಫ ಕಟ್ಟುತ್ತದೆ. ಮಗ್ಗುಲು ತಿರುಗಲಾರದೆ ಮಗುವನ್ನು ಎದೆಗೆ ಹಾಕಿಕೊಳ್ಳುವುದನ್ನೂ ಮುಂದೂಡುತ್ತಾಳೆ. ಪ್ಯಾರಾಸಿಟಮಾಲ್, ಡೈಕ್ಲೊಫೆನಾಕ್, ಐಬುಪ್ರೊಫೆನ್ ಹಾಲಿಗೆ ಇಳಿಯುವುದು ಅತ್ಯಲ್ಪ ಪ್ರಮಾಣದಲ್ಲಿ, ಹಾಲುಣಿಸುವವರಿಗೆ ಸಾಮಾನ್ಯವಾಗಿ ಕೊಡುವ ಔಷಧಗಳೇ ಇವು. ನೋವು ಏರಿದ ಮೇಲೆ ಕೇಳಿ ಪಡೆಯುವುದಕ್ಕಿಂತ ವೈದ್ಯರು ಬರೆದ ಹೊತ್ತಿಗೆ ಸರಿಯಾಗಿ, ನೋವು ಕಡಿಮೆ ಎನಿಸಿದರೂ ಮೊದಲ ಎರಡು ದಿನ ತಪ್ಪಿಸದೆ ತೆಗೆದುಕೊಂಡರೆ ಒಟ್ಟು ಬೇಕಾಗುವ ಔಷಧವೇ ಕಡಿಮೆಯಾಗುತ್ತದೆ. ಜೋಮು ಇಳಿಯತೊಡಗಿದೆ, ಬೆರಳು ಅಲುಗುತ್ತಿವೆ ಎನ್ನುವಾಗಲೇ ಮುಂದಿನ ಔಷಧ ಯಾವಾಗ ಎಂದು ವಿಚಾರಿಸಿಡಿ. ಆಸ್ತಮಾ, ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ ಇದ್ದರೆ ಆಪರೇಷನ್ನಿಗೆ ಮೊದಲೇ ಹೇಳಿ, ಏಕೆಂದರೆ ಅಂಥವರಿಗೆ ಕೆಲವು ಮಾತ್ರೆಗಳು ಆಗಿಬರುವುದಿಲ್ಲ.

ಹಾಲಿನ ವಿಷಯ. ತಾಯಿ ಮಗು ಇಬ್ಬರೂ ಚೆನ್ನಾಗಿದ್ದರೆ ಹುಟ್ಟಿದ ಒಂದು ಗಂಟೆಯೊಳಗೆ ಎದೆಗೆ ಹಾಕಬೇಕು, ಸಿಸೇರಿಯನ್ ಆದವರಿಗೂ ಇದೇ ಮಾತು. ಮೊದಲು ಬರುವ ಹಳದಿ ಹಾಲು ಚಮಚೆಯಲ್ಲಿ ಅಳೆಯುವಷ್ಟೇ ಇರುತ್ತದೆ, ಆದರೆ ಮೊದಲ ದಿನದ ಮಗುವಿನ ಹೊಟ್ಟೆಗೆ ಅಷ್ಟೇ ಸಾಕು. ಹಾಲು ತುಂಬಿ ಬರುವುದು ಮೂರನೆಯ ನಾಲ್ಕನೆಯ ದಿನ. ಸಿಸೇರಿಯನ್ ಆದವರಿಗೆ ಸ್ವಲ್ಪ ತಡವಾಗುವುದುಂಟು. ಈ ನಡುವಿನ ಅವಧಿಯಲ್ಲಿಯೇ ಜೇನುತುಪ್ಪ, ಸಕ್ಕರೆ ನೀರು, ಬಜೆ, ಡಬ್ಬಿ ಹಾಲು ಎಲ್ಲ ಹಿಂಬಾಗಿಲಿನಿಂದ ಬರುತ್ತವೆ. ಮಗು ಚೀಪಿದಷ್ಟೂ ಹಾಲು ಬರುತ್ತದೆ; ಹೊಟ್ಟೆ ಬೇರೆಯದರಿಂದ ತುಂಬಿದರೆ ಚೀಪುವುದು ಕಡಿಮೆಯಾಗುತ್ತದೆ. ಡಬ್ಬಿ ಹಾಲು ನಿಜವಾಗಿಯೂ ಬೇಕಾದ ಸಂದರ್ಭಗಳಿವೆ, ಅದನ್ನು ಮಕ್ಕಳ ವೈದ್ಯರು ಹೇಳಲಿ. ಹೊಲಿಗೆಗೆ ತಾಗದಂತೆ ಮಗ್ಗುಲಲ್ಲಿ ಮಲಗಿ ಕುಡಿಸಬಹುದು, ಅಥವಾ ಕೂತು, ಮಗುವಿನ ಕಾಲುಗಳು ನಿಮ್ಮ ಕಂಕುಳಡಿಯಿಂದ ಹಿಂದಕ್ಕೆ ಬರುವಂತೆ ದಿಂಬಿನ ಮೇಲೆ ಮಲಗಿಸಿ ಕುಡಿಸಬಹುದು. ಕುಡಿಸುವಾಗ ಕಿಬ್ಬೊಟ್ಟೆ ಹಿಂಡಿದಂತಾದರೆ ಗರ್ಭಕೋಶ ಕುಗ್ಗುತ್ತಿದೆ ಎಂದರ್ಥ.

ಮೂತ್ರದ ಪೈಪನ್ನು ನೀವು ಎದ್ದು ನಡೆಯುವಂತಾದಾಗ, ಸಾಮಾನ್ಯವಾಗಿ ಅದೇ ರಾತ್ರಿ ಅಥವಾ ಮರುದಿನ ಬೆಳಿಗ್ಗೆ ತೆಗೆಯುತ್ತಾರೆ. ತೆಗೆದ ಆರು ಗಂಟೆಯೊಳಗೆ ಮೂತ್ರ ಹೋಗದಿದ್ದರೆ ಸಂಕೋಚಪಡದೆ ಹೇಳಬೇಕು. ಒಂದೇ ಗಂಟೆಯಲ್ಲಿ ಪ್ಯಾಡ್ ಪೂರ್ತಿ ತೊಯ್ದರೆ, ನಿಂಬೆಹಣ್ಣಿಗಿಂತ ದೊಡ್ಡ ಗಡ್ಡೆ ಬಿದ್ದರೆ, 100.4 ಡಿಗ್ರಿಗೆ ಜ್ವರ ಮುಟ್ಟಿದರೆ, ಉಸಿರಾಟಕ್ಕೆ ಕಷ್ಟವಾದರೆ, ತಲೆ ಸಿಡಿದು ಕಣ್ಣು ಮಂಜಾದರೆ ಬೆಳಗಿನ ರೌಂಡ್ಸ್‌ವರೆಗೆ ಕಾಯುವಂತಿಲ್ಲ.

ನಿಮ್ಮದು ಖಾಸಗಿ ಆಸ್ಪತ್ರೆ ಇರಬಹುದು, ಆದರೂ ಓದುವ ಇತರರಿಗಾಗಿ ಒಂದು ಮಾತು. ಮೈಸೂರಿನ ಚೆಲುವಾಂಬ, ಮಂಡ್ಯದ ಮಿಮ್ಸ್‌ನಂಥ ಸರ್ಕಾರಿ ಆಸ್ಪತ್ರೆಗಳಲ್ಲಿ 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸಿಸೇರಿಯನ್, ಔಷಧ, ಪರೀಕ್ಷೆ, ಅಗತ್ಯವಾದರೆ ರಕ್ತ, ಏಳು ದಿನಗಳವರೆಗಿನ ಊಟ ಮತ್ತು ಮನೆಗೆ ಬಿಡುವ ವಾಹನ ಉಚಿತ. ತಾಯಿ ಕಾರ್ಡನ್ನು ಮರೆಯದೆ ತೆಗೆದುಕೊಂಡು ಹೋಗಿ.

ಉತ್ತರ 3: ಹೂಟಗಳ್ಳಿಯ ಒಬ್ಬ ಅಪ್ಪ

ಜೊತೆಗಿರುವವರ ಕೆಲಸದ ಬಗ್ಗೆ ಕೇಳಿದ್ದೀರಿ, ಅದನ್ನಷ್ಟೇ ಹೇಳುತ್ತೇನೆ. ನನ್ನ ಹೆಂಡತಿಯ ಜೊತೆ ರಾತ್ರಿ ಉಳಿದಿದ್ದವರು ನಮ್ಮ ಅತ್ತೆ, ಹಗಲು ನಾನು. ರಾತ್ರಿಯ ಕೆಲಸ ಎಂದರೆ ಮಗುವನ್ನು ತೊಟ್ಟಿಲಿನಿಂದ ಎತ್ತಿ ತಾಯಿಯ ಮಗ್ಗುಲಿಗೆ ಕೊಡುವುದು, ಕುಡಿದ ಮೇಲೆ ತೇಗು ಬರಿಸಿ ತೊಟ್ಟಿಲಿಗೇ ಮರಳಿಸುವುದು, ಬಟ್ಟೆ ಬದಲಿಸುವುದು, ತಾಯಿಯನ್ನು ಶೌಚಾಲಯದವರೆಗೆ ಹಿಡಿದುಕೊಂಡು ಹೋಗುವುದು. ನೋವಿನ ಔಷಧದ ಮಂಪರಿನಲ್ಲಿರುವ ತಾಯಿ ಮಗುವನ್ನು ಪಕ್ಕದಲ್ಲೇ ಇಟ್ಟುಕೊಂಡು ನಿದ್ದೆ ಹೋಗದಂತೆ ನೋಡಿಕೊಳ್ಳಬೇಕು. ಮಂಚ ಎತ್ತರ, ಜಾಗ ಕಿರಿದು. ಆದ್ದರಿಂದ ಅಮ್ಮನೋ ಅತ್ತೆಯೋ ಎಂಬುದಕ್ಕಿಂತ, ಯಾರ ಮಂಡಿನೋವು ಕಡಿಮೆ, ಯಾರಿಗೆ ನಿದ್ದೆಯಿಂದ ತಟ್ಟನೆ ಎಚ್ಚರವಾಗುತ್ತದೆ ಎಂದು ನೋಡಿ ತೀರ್ಮಾನಿಸಿ.

ಹಗಲಿನವರು ಒಂದು ನೋಟ್‌ಬುಕ್ಕಿನಲ್ಲಿ ಮಾತ್ರೆ ಕೊಟ್ಟ ಹೊತ್ತು, ಮಗು ಹಾಲು ಕುಡಿದ ಹೊತ್ತು, ಮೂತ್ರ ಮಾಡಿದ ಹೊತ್ತು ಬರೆದಿಡಲಿ. ಮಗುವಿನ ಮೊದಲ ಮೂತ್ರ ಮತ್ತು ಕಪ್ಪು ಮಲ 24 ಗಂಟೆಯೊಳಗೆ ಆಯಿತೇ ಎಂದು ಮಕ್ಕಳ ವೈದ್ಯರು ಕೇಳಿಯೇ ಕೇಳುತ್ತಾರೆ. ಬಿಸಿಜಿ, ಪೋಲಿಯೊ ಹನಿ, ಹೆಪಟೈಟಿಸ್ ಬಿ ಲಸಿಕೆ, ವಿಟಮಿನ್ ಕೆ ಇಂಜೆಕ್ಷನ್ ಆದದ್ದನ್ನು ಕಾರ್ಡಿನಲ್ಲಿ ಬರೆಸಿಕೊಳ್ಳಿ. ತಾಯಿಯ ರಕ್ತದ ಗುಂಪು ನೆಗೆಟಿವ್ ಆಗಿದ್ದು ಮಗುವಿನದು ಪಾಸಿಟಿವ್ ಆದರೆ 72 ಗಂಟೆಯೊಳಗೆ ಆಂಟಿ-ಡಿ ಇಂಜೆಕ್ಷನ್ ಆಗಬೇಕು, ಇದನ್ನು ಮನೆಯವರೂ ನೆನಪಿನಲ್ಲಿಡಬೇಕು. ಇನ್ನು ನೆಂಟರು. ಮೊದಲ ದಿನ ಬರುವವರನ್ನೆಲ್ಲ ಬಾಗಿಲಲ್ಲೇ ತಡೆಯುವುದು ಗಂಡನ ಕೆಲಸ, ಅದನ್ನು ಬಾಣಂತಿಯ ಮೇಲೆ ಹಾಕಬಾರದು.

ಉತ್ತರ 4: ಶ್ರೀರಂಗಪಟ್ಟಣದಿಂದ

ಮೇಲಿನವರು ಹೇಳಿದ್ದರಲ್ಲಿ ಬಹುಪಾಲು ಸರಿ. ಆದರೆ ಹಿರಿಯರ ಮಾತನ್ನು ಇಷ್ಟು ಸಲೀಸಾಗಿ ಬದಿಗಿಡುವುದು ನನಗೆ ಸರಿಕಾಣುವುದಿಲ್ಲ. ಬೆನ್ನಿಗೆ ಇಂಜೆಕ್ಷನ್ ಹಾಕಿಸಿಕೊಂಡ ನನಗೆ ಇಂದಿಗೂ ಸೊಂಟನೋವು ಇದೆ. ಹೊಟ್ಟೆಗೆ ಬಟ್ಟೆ ಕಟ್ಟದೆ ಬಿಟ್ಟಿದ್ದರಿಂದ ಹೊಟ್ಟೆ ಹಾಗೆಯೇ ಉಳಿಯಿತು ಎಂದು ಅಮ್ಮ ಈಗಲೂ ಆಡುತ್ತಾರೆ. ಫ್ಯಾನು, ಮೊಸರು, ಬಾಳೆಹಣ್ಣು ಇವುಗಳ ವಿಚಾರದಲ್ಲಿಯೂ ಹಸಿ ಮೈಗೆ ಎಚ್ಚರ ಬೇಡವೇ?

ಉತ್ತರ 5: ನಿವೃತ್ತ ಶುಶ್ರೂಷಕಿ, ಮಂಡ್ಯ

ನಿಮ್ಮ ಸೊಂಟನೋವು ನಿಜ, ಅದನ್ನು ಯಾರೂ ಅಲ್ಲಗಳೆಯುತ್ತಿಲ್ಲ. ಸೂಜಿ ಚುಚ್ಚಿದ ಜಾಗದಲ್ಲಿ ಕೆಲವು ದಿನ ನೋವಿರುವುದುಂಟು. ವರ್ಷಗಟ್ಟಲೆ ಉಳಿಯುವ ಸೊಂಟನೋವಿಗೆ ಮಾತ್ರ ಆ ಇಂಜೆಕ್ಷನ್ ಕಾರಣವೆಂಬುದಕ್ಕೆ ಆಧಾರವಿಲ್ಲ. ಸಹಜ ಹೆರಿಗೆಯಾದವರಲ್ಲಿಯೂ ಆ ನೋವು ಧಾರಾಳವಾಗಿದೆ. ಗರ್ಭದ ಭಾರಕ್ಕೆ ಬಾಗಿದ ಬೆನ್ನು, ಸಡಿಲಗೊಂಡ ಕೀಲುಗಳು, ಆಸರೆಯಿಲ್ಲದೆ ಬಗ್ಗಿ ಹಾಲೂಡಿಸುವುದು ಇವು ಸಾಮಾನ್ಯ ಕಾರಣಗಳು. ಒಮ್ಮೆ ಮೂಳೆ ವೈದ್ಯರಿಗೆ ತೋರಿಸಿ.

ಆ ಇಂಜೆಕ್ಷನ್ನಿನಿಂದ ನಿಜವಾಗಿ ಬರಬಹುದಾದದ್ದು ತಲೆನೋವು. ಕೆಲವೇ ಜನಕ್ಕೆ, ಒಂದೆರಡು ದಿನದ ಮೇಲೆ, ಕೂತರೆ ನಿಂತರೆ ತಲೆ ಸಿಡಿಯುವಂತಾಗಿ ಮಲಗಿದರೆ ಇಳಿಯುತ್ತದೆ. ಅರಿವಳಿಕೆ ವೈದ್ಯರಿಗೆ ತಿಳಿಸಿದರೆ ಅದಕ್ಕೆ ಚಿಕಿತ್ಸೆಯಿದೆ, ಸಹಿಸಿಕೊಂಡು ಮನೆಗೆ ಹೋಗಬೇಕಿಲ್ಲ.

ಹೊಟ್ಟೆಗೆ ಬೆಲ್ಟ್ ಅಥವಾ ಬಟ್ಟೆ ಕಟ್ಟಿಕೊಂಡರೆ ನಡೆಯುವಾಗ ಆಸರೆ ಸಿಗುತ್ತದೆ, ಕೆಲವರಿಗೆ ನೋವೂ ಕಡಿಮೆ ಎನಿಸುತ್ತದೆ. ವೈದ್ಯರನ್ನು ಕೇಳಿ ಹದವಾಗಿ ಕಟ್ಟಬಹುದು. ಹೊಟ್ಟೆ ಒಳಹೋಗುವುದು ಅದರಿಂದಲ್ಲ. ಬೆವರಿ ಒದ್ದೆಯಾದ ಬಟ್ಟೆಯನ್ನು ಗಾಯದ ಮೇಲೆ ಬಿಗಿದರೆ ಮಾತ್ರ ಕೀವಾಗಲು ದಾರಿಯಾದೀತು. ಗಾಯ ಒಣಗಿರಬೇಕು, ಗಾಳಿಯಾಡಬೇಕು. ಮೈಸೂರಿನ ಏಪ್ರಿಲ್ ತಿಂಗಳಲ್ಲಿ ಫ್ಯಾನು ನಿಲ್ಲಿಸಿ, ಸ್ವೆಟರ್ ಹಾಕಿಸಿ ಮಲಗಿಸಿದ ಬಾಣಂತಿಯರ ಗಾಯವನ್ನು ಒರೆಸಿ ಒರೆಸಿ ನನಗೆ ಸಾಕಾಗಿತ್ತು. ತಲೆಗೆ ಬಟ್ಟೆ ಸುತ್ತಿಕೊಳ್ಳುವುದು, ಬಿಸಿನೀರು, ಬೆಳ್ಳುಳ್ಳಿ ಹಾಕಿದ ಮೆಣಸಿನ ಸಾರು, ಸಬ್ಬಸಿಗೆ ಸೊಪ್ಪು ಇವೆಲ್ಲ ಇರಲಿ, ಯಾವ ತೊಂದರೆಯೂ ಇಲ್ಲ. ಅದರ ಜೊತೆಗೆ ಬೇಳೆ, ಮೊಟ್ಟೆ, ಹಾಲು, ಮೊಸರು, ಹಣ್ಣು ಬೇಕೇ ಬೇಕು, ಗಾಯ ಕೂಡುವುದು ಊಟದಿಂದ. ಬರೀ ಅನ್ನ ತುಪ್ಪ ತಿಂದು, ನೀರನ್ನೂ ಕಡಿಮೆ ಮಾಡಿದರೆ ಮಲಬದ್ಧತೆಯಾಗಿ, ಮುಕ್ಕುವಾಗ ಹೊಲಿಗೆಗೆ ಆಗುವ ನೋವು ಏನೆಂದು ಅನುಭವಿಸಿದವರಿಗೇ ಗೊತ್ತು. ಕಬ್ಬಿಣದ ಮಾತ್ರೆಯನ್ನು ಹೆರಿಗೆಯ ನಂತರವೂ 180 ದಿನ ಮುಂದುವರಿಸಬೇಕು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ಈ ಉತ್ತರಗಳನ್ನು ಅಜ್ಜಿಗೆ ಓದಿ ಹೇಳಿದೆ. ನೀರಿನ ಮಾತನ್ನು ಒಪ್ಪಿದ್ದಾರೆ, ಮೊಸರಿನದನ್ನು ಇನ್ನೂ ಒಪ್ಪಿಲ್ಲ. ರಾತ್ರಿ ಅತ್ತೆ ಉಳಿಯುತ್ತಾರೆ, ಅಮ್ಮನಿಗೆ ಮಂಡಿನೋವು ಇದೆ. ಇನ್ನೊಂದೇ ಪ್ರಶ್ನೆ: ಡಿಸ್ಚಾರ್ಜ್ ಆದ ದಿನವೇ ಮೈಸೂರಿನಿಂದ ಮಂಡ್ಯದವರೆಗೆ ಕಾರಿನಲ್ಲಿ ಹೋಗಬಹುದೇ? ಸುಮಾರು 45 ಕಿಲೋಮೀಟರ್, ಆಮೇಲೆ ಹಳ್ಳಿಯ ದಾರಿ.

ಉತ್ತರ 6: ಕುವೆಂಪುನಗರದಿಂದ, ಇಬ್ಬರು ಮಕ್ಕಳ ತಾಯಿ

ಹೋಗಬಹುದು, ನಾನೂ ಅಷ್ಟೇ ದೂರ ಹೋಗಿದ್ದೆ. ಹೊರಡುವ ಅರ್ಧ ಗಂಟೆ ಮೊದಲು ಆ ಹೊತ್ತಿನ ನೋವಿನ ಮಾತ್ರೆ ಆಗಿರಲಿ, ಮಗುವಿಗೆ ಹಾಲು ಕುಡಿಸಿ ಹೊರಡಿ. ಸೀಟ್ ಬೆಲ್ಟಿನ ಕೆಳಪಟ್ಟಿ ತೊಡೆಯ ಮೇಲ್ಭಾಗದಲ್ಲಿ, ಹೊಲಿಗೆಗಿಂತ ಕೆಳಗೆ ಬರುವಂತೆ ಹಾಕಿಕೊಂಡು, ಒತ್ತಿದಂತಾದರೆ ನಡುವೆ ಮಡಚಿದ ಟವೆಲ್ ಇಡಿ. ಬೆಲ್ಟ್ ಇಲ್ಲದೆ ಮಾತ್ರ ಕೂರಬೇಡಿ. ಹೆದ್ದಾರಿಯಲ್ಲಿ ಏನೂ ತಿಳಿಯುವುದಿಲ್ಲ, ತೊಂದರೆ ಕೊಡುವುದು ಊರೊಳಗಿನ ಹಂಪುಗಳು. ಕಾರು ಓಡಿಸುವವರಿಗೆ ಅದನ್ನು ಹತ್ತುವ ಮೊದಲೇ ಹೇಳಿಡಿ. ಹೊಲಿಗೆ ಕರಗುವಂಥದ್ದೋ, ತೆಗೆಸಲು ಮತ್ತೆ ಮೈಸೂರಿಗೆ ಬರಬೇಕೋ, ಯಾವ ದಿನ ಬರಬೇಕು ಎಂಬುದನ್ನು ಡಿಸ್ಚಾರ್ಜ್ ಚೀಟಿಯಲ್ಲಿ ಬರೆಸಿಕೊಂಡೇ ಹೊರಡಿ.